ಮೀಟರ್ 12.6 ತೋರಿಸುತ್ತಿತ್ತು

ಪ್ರಾಜೆಕ್ಟ್‌ಗಾಗಿ ಬ್ಯಾಟರಿ ಪ್ಯಾಕ್ ಕಟ್ಟುತ್ತಿರುವ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ಪ್ರಾಜೆಕ್ಟ್ ಸೆಮಿಸ್ಟರ್ ಮತ್ತೆ ಬಂದಿದೆ. ನಿಮ್ಮಲ್ಲಿ ಎಷ್ಟೋ ಜನ ಈಗಾಗಲೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬಂದಿರುತ್ತೀರಿ. ದೂರದ ಊರಿನವರು ಆನ್‌ಲೈನ್‌ನಲ್ಲಿ ತರಿಸಿಕೊಂಡಿರುತ್ತೀರಿ. ಬ್ಯಾಗಿನಲ್ಲಿ ಆರ್ಡುಯಿನೊ ಬೋರ್ಡು, ಮೋಟಾರ್ ಡ್ರೈವರ್, ಒಂದಷ್ಟು ಸೆನ್ಸರ್, ಜಂಪರ್ ವೈರು. ಅವುಗಳ ಜೊತೆಗೆ ಸಣ್ಣದೊಂದು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕಾರು 18650 ಲಿಥಿಯಂ ಅಯಾನ್ ಸೆಲ್. ಈ ಪತ್ರ ಆ ಕವರಿನ ಬಗ್ಗೆ.

ನಾನು ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ 22 ವರ್ಷಗಳಿಂದ ಇನ್‌ಸ್ಟ್ರಕ್ಟರ್. ನಿಮ್ಮ ವಯಸ್ಸಿನವರ ಕೈಯಲ್ಲಿ ಹುಟ್ಟಿದ ನೂರಾರು ರೋಬೋ ಗಾಡಿ, ಅಲಾರಂ, ಗಿಡಕ್ಕೆ ನೀರು ಬಿಡುವ ಯಂತ್ರಗಳನ್ನು ಕಣ್ತುಂಬ ನೋಡಿದ್ದೇನೆ. ನಿಮ್ಮನ್ನು ಹೆದರಿಸಿ ಕೈಕಟ್ಟಿ ಕೂರಿಸುವ ಆಸೆ ನನಗಿಲ್ಲ. ಒಂದು ರಾತ್ರಿ ನಡೆದದ್ದನ್ನು ಹೇಳಬೇಕು, ಅದರಿಂದ ಕಲಿತದ್ದನ್ನು ನಿಮಗೆ ಒಪ್ಪಿಸಬೇಕು, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಾತು. ಮರುದಿನ ಪ್ರಾಜೆಕ್ಟ್ ಪ್ರದರ್ಶನ. ಮೂವರು ಹುಡುಗರು ಹಾಸ್ಟೆಲ್ ಕೋಣೆಯಲ್ಲಿ ತಮ್ಮ ಗಾಡಿಯ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದರು. ಹಳೆಯ ಲ್ಯಾಪ್‌ಟಾಪಿನ ಪ್ಯಾಕ್ ಬಿಚ್ಚಿ ತೆಗೆದ ಮೂರು ಸೆಲ್‌ಗಳನ್ನು ಸೀರೀಸ್‌ನಲ್ಲಿ ಸೋಲ್ಡರ್ ಮಾಡಿ ಟೇಪ್ ಸುತ್ತಿದ್ದರು. ಒಂದು ಅಡಾಪ್ಟರ್, ಅದರ ಮುಂದೆ ಸ್ಕ್ರೂ ತಿರುಗಿಸಿ ವೋಲ್ಟೇಜ್ ಹೊಂದಿಸುವ ಮಾಡ್ಯೂಲ್. ಒಂದು ಸೆಲ್ಲಿಗೆ 4.2 ವೋಲ್ಟ್, ಮೂರಕ್ಕೆ 12.6 ಎಂದು ಲೆಕ್ಕ ಹಾಕಿ, ಮೀಟರ್ ಹಿಡಿದು ಕರಾರುವಾಕ್ಕಾಗಿ 12.6ಕ್ಕೆ ನಿಲ್ಲಿಸಿದ್ದರು. ಪ್ಯಾಕನ್ನು ಹಾಸಿಗೆಯ ಮೇಲಿಟ್ಟು ಮೆಸ್ಸಿಗೆ ಊಟಕ್ಕೆ ಹೋದರು. ವಾಪಸ್ ಬಂದಾಗ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಒಬ್ಬ ಹುಡುಗ ಒಳಗೆ ನುಗ್ಗಿ, ಉರಿಯುತ್ತಿದ್ದ ಪ್ಯಾಕನ್ನು ಬರಿಗೈಯಲ್ಲಿ ಎತ್ತಿ ಕಿಟಕಿಯಿಂದ ಹೊರಗೆಸೆದ. ಹಾಸಿಗೆ, ರೆಕಾರ್ಡ್ ಪುಸ್ತಕಗಳು ಸುಟ್ಟವು, ಅದು ದೊಡ್ಡದಲ್ಲ. ಅವನ ಬಲಗೈಯ ಅಂಗೈ ಸುಟ್ಟಿತು. ಆ ಸೆಮಿಸ್ಟರಿನ ಪರೀಕ್ಷೆ ಬರೆಯಲು ಅವನಿಗೆ ಆಗಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಕೂಡಲೇ ಅವನು ಹೇಳಿದ್ದು ಒಂದೇ ಮಾತು: “ಸರ್, 12.6 ಇತ್ತು ಸರ್. ಮೀಟರಿನಲ್ಲಿ ನಾನೇ ನೋಡಿದ್ದೆ.”

ಅವನು ಸುಳ್ಳು ಹೇಳಲಿಲ್ಲ, ಮೀಟರೂ ಸುಳ್ಳು ಹೇಳಿರಲಿಲ್ಲ. ಒಂದು ಕಾಗದ ತೆಗೆದುಕೊಂಡು 4.45, 4.10, 4.05 ಈ ಮೂರನ್ನು ಕೂಡಿಸಿ. ಮೊತ್ತ 12.60. ಸೀರೀಸ್‌ನಲ್ಲಿ ಕಟ್ಟಿದ ಸೆಲ್‌ಗಳೆಂದರೆ ಒಂದೇ ನೊಗಕ್ಕೆ ಹೂಡಿದ ಎತ್ತುಗಳ ಹಾಗೆ. ಎಲ್ಲದರ ಮೂಲಕವೂ ಅದೇ ಕರೆಂಟ್ ಹರಿಯಬೇಕು. ಬಡಕಲು ಎತ್ತಿಗೆ ವಿನಾಯಿತಿ ಇಲ್ಲ. ಹಳೆಯ ಸೆಲ್ಲಿನ ಹೊಟ್ಟೆ ಚಿಕ್ಕದು, ಅದು ಮೊದಲು ತುಂಬುತ್ತದೆ. ಉಳಿದೆರಡು ಇನ್ನೂ ಹಸಿದಿರುವುದರಿಂದ ಕರೆಂಟ್ ನಿಲ್ಲುವುದಿಲ್ಲ. ತುಂಬಿದ ಸೆಲ್ಲಿಗೆ ಮತ್ತೂ ತುರುಕುತ್ತಲೇ ಹೋಗುತ್ತದೆ. ಪ್ಯಾಕಿನ ಎರಡು ತುದಿಗೆ ಮೀಟರ್ ಹಿಡಿದವನಿಗೆ ಕಾಣುವುದು ಒಟ್ಟು ಮೊತ್ತ ಮಾತ್ರ. ಯಾವ ಸೆಲ್ ಎಷ್ಟು ಸಂಕಟದಲ್ಲಿದೆ ಎಂಬುದಲ್ಲ.

4.2ನ್ನು ದಾಟಿದರೆ ಏನಾಗುತ್ತದೆ? ಸೆಲ್ಲಿನ ಒಳಗೆ ಗ್ರಾಫೈಟ್ ಬಳಿದ ತಾಮ್ರದ ಹಾಳೆ, ಲೋಹದ ಆಕ್ಸೈಡ್ ಬಳಿದ ಅಲ್ಯೂಮಿನಿಯಂ ಹಾಳೆ, ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆ ಸುರುಳಿ ಸುತ್ತಿಕೊಂಡಿವೆ. ಅವನ್ನೆಲ್ಲ ನೆನೆಸಿರುವ ದ್ರವ ಬೆಂಕಿ ಹೊತ್ತಿಕೊಳ್ಳುವಂಥದು. ಮಿತಿ ಮೀರಿ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟಿನ ಒಳಗೆ ಸೇರಲಾಗದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಇನ್ನೊಂದು ಬದಿಯ ಆಕ್ಸೈಡ್ ಅಸ್ಥಿರವಾಗಿ, ಬಿಸಿಯೇರಿದಂತೆ ಆಮ್ಲಜನಕ ಬಿಡುತ್ತದೆ. ಸುಮಾರು 130 ಡಿಗ್ರಿಗೆ ಪರದೆ ಕರಗತೊಡಗುತ್ತದೆ. ಆಮೇಲೆ ಶಾಖವೇ ಶಾಖವನ್ನು ಹುಟ್ಟಿಸುತ್ತದೆ. ಉರಿಯುವ ವಸ್ತು, ಆಮ್ಲಜನಕ, ಕಿಡಿ ಮೂರೂ ಒಂದೇ ಡಬ್ಬಿಯೊಳಗೆ ಇರುವಾಗ ಹೊರಗಿನ ಗಾಳಿಯನ್ನು ತಡೆದು ಆರಿಸುವ ಉಪಾಯ ಅಲ್ಲಿ ನಡೆಯುವುದಿಲ್ಲ.

ಬೆರಳುದ್ದದ ಸೆಲ್, ಅದರಲ್ಲೇನಿದೆ ಎನ್ನಬೇಡಿ. 2600 ಮಿಲಿಆಂಪಿಯರ್‌ಅವರ್‌ನ ಒಂದು ಸೆಲ್ಲಿನಲ್ಲಿ ಸುಮಾರು 9.4 ವಾಟ್‌ಅವರ್, ಅಂದರೆ 34 ಕಿಲೋಜೌಲ್ ಶಕ್ತಿ ಇದೆ. ಒಂದು ಸಣ್ಣ ಕಾಫಿ ಲೋಟದಷ್ಟು, 100 ಮಿಲಿಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಒಲೆಯ ಮೇಲೆ ನಿಮಿಷಗಟ್ಟಲೆ ನಡೆಯುವ ಆ ಕೆಲಸ ಇಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯಬಹುದು. ಉರಿಯುವ ದ್ರವದ ಶಾಖ ಬೇರೆ.

ಹಾಗಾದರೆ ಅದೇ ಮೂರು ಸೆಲ್ ಲ್ಯಾಪ್‌ಟಾಪಿನೊಳಗೆ ವರ್ಷಗಟ್ಟಲೆ ಸುಮ್ಮನಿದ್ದದ್ದು ಹೇಗೆ? ಅಲ್ಲಿ ಅವಕ್ಕೆ ಕಾವಲಿತ್ತು. ಪ್ರತಿ ಸೆಲ್ಲಿನ ವೋಲ್ಟೇಜನ್ನು ಬೇರೆಬೇರೆಯಾಗಿ ನೋಡುವ ಚಿಪ್, ತಾಪ ಅಳೆಯುವ ಥರ್ಮಿಸ್ಟರ್, ಕರೆಂಟಿಗೆ ಮಿತಿ ಹಾಕುವ ಚಾರ್ಜರ್, ಅಪಾಯವಾದಾಗ ಸರ್ಕ್ಯೂಟ್ ಕಡಿಯುವ ಮಾಸ್‌ಫೆಟ್, ಇದ್ಯಾವುದೂ ಕೆಲಸ ಮಾಡದಿದ್ದರೆ ಶಾಶ್ವತವಾಗಿ ಸುಟ್ಟುಹೋಗಿ ಪ್ಯಾಕನ್ನೇ ನಿಲ್ಲಿಸುವ ಫ್ಯೂಸ್. ಪ್ಯಾಕ್ ಬಿಚ್ಚಿದ ದಿನ ಹುಡುಗರು ಸೆಲ್‌ಗಳನ್ನು ತೆಗೆದುಕೊಂಡರು, ಹಸಿರು ಬೋರ್ಡನ್ನು ಕಸದ ಬುಟ್ಟಿಗೆ ಹಾಕಿದರು. ನಾನು ನಿಮಗೆ ಹೇಳಬೇಕಾದ ಮಾತು ಇದೇ: ಕಾರ್ಖಾನೆಯ ಪ್ಯಾಕಿನಿಂದ ಸೆಲ್ ಹೊರಬಂದಾಗ ಕಾವಲು ಅದರ ಜೊತೆ ಬರುವುದಿಲ್ಲ. ಆ ಕ್ಷಣದಿಂದ ಕಾವಲು ನಿಮ್ಮ ಹೊಣೆ.

ಇದನ್ನು ನಿಮ್ಮ ಜಾಣ್ಮೆಗೆ ಅವಮಾನವೆಂದು ತಿಳಿಯಬೇಡಿ. 2013ರ ಜನವರಿಯಲ್ಲಿ ಬೋಯಿಂಗ್ 787 ವಿಮಾನಗಳು ಲಿಥಿಯಂ ಬ್ಯಾಟರಿಯ ಕಾರಣದಿಂದಲೇ ಜಗತ್ತಿನಾದ್ಯಂತ ನೆಲಕ್ಕಿಳಿದು ನಿಂತವು. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನುಗಳನ್ನು ವಾಪಸ್ ಪಡೆಯಿತು; ಬದಲಿಗೆ ಕೊಟ್ಟ ಫೋನುಗಳೂ ಹೊತ್ತಿಕೊಂಡಾಗ ಆ ಮಾದರಿಯನ್ನೇ ಕೈಬಿಟ್ಟಿತು. ನಮ್ಮ ದೇಶದಲ್ಲಿ 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ವಾಹನ ಬ್ಯಾಟರಿಗಳ ಎಐಎಸ್ 156 ಮಾನದಂಡವನ್ನು ಬಿಗಿಗೊಳಿಸಿದರು. ಸಾವಿರಾರು ಇಂಜಿನಿಯರುಗಳಿದ್ದ ಕಡೆಯೂ ಎಡವಟ್ಟಾಗಿದೆ ಎಂದ ಮೇಲೆ, ಹಾಸ್ಟೆಲ್ ಕೋಣೆಯಲ್ಲಿ ಎಚ್ಚರ ವಹಿಸುವುದರಲ್ಲಿ ನಾಚಿಕೆಯೇನಿದೆ?

ಈಗ ಕೆಲಸದ ಮಾತಿಗೆ ಬರುತ್ತೇನೆ.

ಲಿಥಿಯಂ ಅಯಾನ್ ಸೆಲ್ಲನ್ನು ಚಾರ್ಜ್ ಮಾಡುವುದಕ್ಕೆ ಎರಡು ಹಂತ. ಮೊದಲು ಒಂದೇ ಸಮನಾದ ಕರೆಂಟ್, ಸೆಲ್ 4.2 ವೋಲ್ಟ್ ಮುಟ್ಟಿದ ಮೇಲೆ ಒಂದೇ ಸಮನಾದ ವೋಲ್ಟೇಜ್. ನಲ್ಲಿಯ ಕೆಳಗೆ ಕೊಡ ಇಟ್ಟವರು ಮೊದಲು ಪೂರ್ತಿ ತಿರುಗಿಸಿ, ಕಂಠದ ಹತ್ತಿರ ಬಂದಾಗ ಸಣ್ಣ ಮಾಡಿ, ತುಂಬಿದೊಡನೆ ನಿಲ್ಲಿಸುತ್ತಾರಲ್ಲ, ಹಾಗೆ. ಕರೆಂಟ್ ಇಳಿಯುತ್ತಾ ಮೊದಲಿನ ಹತ್ತನೇ ಒಂದು ಭಾಗಕ್ಕೆ ಬಂದಾಗ ಚಾರ್ಜಿಂಗ್ ನಿಲ್ಲಬೇಕು. ಕರೆಂಟ್ ಎಷ್ಟಿರಬೇಕು? ಸೆಲ್ಲಿನ ಸಾಮರ್ಥ್ಯದ ಅರ್ಧದಷ್ಟು ಇಟ್ಟುಕೊಂಡರೆ ಬಹುತೇಕ ಸೆಲ್‌ಗಳಿಗೆ ಕ್ಷೇಮ. ಮಾಮೂಲಿ 5 ಅಥವಾ 12 ವೋಲ್ಟ್ ಅಡಾಪ್ಟರಿಗೆ ಈ ಬುದ್ಧಿ ಇಲ್ಲ. ಪ್ಲಗ್ ಹೊಂದಿತೆಂಬ ಮಾತ್ರಕ್ಕೆ ಅದು ಚಾರ್ಜರ್ ಆಗುವುದಿಲ್ಲ.

ಒಂದೇ ಸೆಲ್ಲಿನ ಪ್ರಾಜೆಕ್ಟ್ ಆದರೆ ನೀವು ತರುವುದು ಟಿಪಿ4056 ಮಾಡ್ಯೂಲ್. ಒಳ್ಳೆಯ ಚಿಪ್ಪೇ. ಸೆಲ್ 2.9 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಹನಿಹನಿಯಾಗಿ ಕರೆಂಟ್ ಕೊಡುತ್ತದೆ, ಮೇಲೆ ಹೇಳಿದ ಎರಡು ಹಂತವನ್ನೂ ತಾನೇ ನಡೆಸುತ್ತದೆ. ಆದರೆ ನಾಲ್ಕು ಸಂಗತಿ ಗಮನಿಸಿ. ಒಂದು, ಇದು ಎರಡು ರೂಪದಲ್ಲಿ ಸಿಗುತ್ತದೆ. ಬಿ ಪ್ಲಸ್, ಬಿ ಮೈನಸ್ ಜೊತೆಗೆ ಔಟ್ ಪ್ಲಸ್, ಔಟ್ ಮೈನಸ್ ಗುರುತೂ ಇರುವ ಬೋರ್ಡಿನಲ್ಲಿ ಕಾವಲಿನ ಚಿಪ್ ಇರುತ್ತದೆ. ಅದನ್ನೇ ತನ್ನಿ, ನಿಮ್ಮ ಸರ್ಕ್ಯೂಟನ್ನು ಔಟ್‌ಗೇ ಜೋಡಿಸಿ. ಎರಡು, ಬೋರ್ಡು ಬರುವಾಗಲೇ 1.2 ಕಿಲೋಓಮ್ ರೆಸಿಸ್ಟರಿನಿಂದ 1 ಆಂಪಿಯರಿಗೆ ಹೊಂದಿಸಿರುತ್ತದೆ. 500 ಮಿಲಿಆಂಪಿಯರ್‌ಅವರ್‌ನ ಪುಟ್ಟ ಪೌಚ್ ಸೆಲ್ಲಿಗೆ ಅದು ವಿಪರೀತ. ಆ ರೆಸಿಸ್ಟರನ್ನು 5 ಕಿಲೋಓಮ್‌ಗೆ ಬದಲಿಸಿದರೆ ಕರೆಂಟ್ ಸುಮಾರು 250 ಮಿಲಿಆಂಪಿಯರಿಗೆ ಇಳಿಯುತ್ತದೆ. ಮೂರು, ಆ ಚಿಪ್ಪಿಗೆ ಸೆಲ್ಲಿನ ತಾಪ ತಿಳಿಯಲೆಂದೇ ಒಂದು ಕಾಲಿದೆ. ಅಗ್ಗದ ಬೋರ್ಡುಗಳಲ್ಲಿ ಆ ಕಾಲನ್ನು ಗ್ರೌಂಡಿಗೆ ಸೇರಿಸಿ ಅದರ ಬಾಯಿ ಮುಚ್ಚಿಸಿರುತ್ತಾರೆ. ಸೆಲ್ ಕಾದರೂ ಅದಕ್ಕೆ ಗೊತ್ತಾಗುವುದಿಲ್ಲ, ಗೊತ್ತುಮಾಡಿಕೊಳ್ಳಬೇಕಾದವರು ನೀವು. ನಾಲ್ಕು, ಚಾರ್ಜ್ ಆಗುತ್ತಿರುವಾಗಲೇ ಸರ್ಕ್ಯೂಟೂ ಓಡುತ್ತಿದ್ದರೆ ಅದು ಎಳೆಯುವ ಕರೆಂಟನ್ನು ಚಿಪ್ ಸೆಲ್ಲಿನ ಹಸಿವೆಂದು ತಿಳಿಯುತ್ತದೆ. ಹತ್ತನೇ ಒಂದು ಭಾಗಕ್ಕೆ ಇಳಿಯುವ ಗಳಿಗೆ ಬರುವುದೇ ಇಲ್ಲ, ಸೆಲ್ 4.2ರಲ್ಲೇ ನಿಂತು ಬೇಗ ಮುದಿಯಾಗುತ್ತದೆ. ಒಂದು ಸ್ವಿಚ್ ಹಾಕಿ, ಚಾರ್ಜಿಂಗ್ ವೇಳೆ ಸರ್ಕ್ಯೂಟ್ ಆಫ್ ಮಾಡಿ. ಇಲ್ಲವೇ ಲೋಡ್ ಶೇರಿಂಗ್ ಇರುವ ಬೋರ್ಡು ಬಳಸಿ.

ಎರಡು, ಮೂರು ಸೆಲ್ ಸೀರೀಸ್‌ನಲ್ಲಿ ಬೇಕೆಂದಾಗ ಎಲ್ಲರಿಗೂ ಹೊಳೆಯುವ ಉಪಾಯ: ಸೆಲ್ಲಿಗೊಂದರಂತೆ ಟಿಪಿ4056 ಹಾಕಿ ಎಲ್ಲಕ್ಕೂ ಒಂದೇ ಅಡಾಪ್ಟರಿನಿಂದ ಕೊಡುವುದು. ದಯವಿಟ್ಟು ಮಾಡಬೇಡಿ. ಆ ಮಾಡ್ಯೂಲಿನಲ್ಲಿ ಒಳಬರುವ ಮೈನಸ್ಸನ್ನೂ ಸೆಲ್ಲಿನ ಮೈನಸ್ಸನ್ನೂ ಬೇರ್ಪಡಿಸುವ ಐಸೊಲೇಷನ್ ಇಲ್ಲ. ಮೂರು ಮೈನಸ್‌ಗಳು ಅಡಾಪ್ಟರಿನಲ್ಲಿ ಕೂಡಿದೊಡನೆ ಸೆಲ್‌ಗಳು ಶಾರ್ಟ್ ಆಗುತ್ತವೆ.

ಸೀರೀಸ್ ಪ್ಯಾಕಿಗೆ ಬೇಕಾದದ್ದು ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಬೋರ್ಡು. ಪ್ರತಿ ಸೆಲ್ಲಿನ ತುದಿಯಿಂದ ಅದಕ್ಕೊಂದು ವೈರು ಹೋಗಬೇಕು. ಆಗಲೇ ಅದು ನಮ್ಮ ಮೀಟರಿಗೆ ಕಾಣದ 4.45ನ್ನು ಕಾಣಬಲ್ಲದು. ಆದರೆ ಬಿಎಂಎಸ್ ಚಾರ್ಜರ್ ಅಲ್ಲ. ಅನೇಕ ಬೋರ್ಡುಗಳು ಸೆಲ್ 4.25ರಿಂದ 4.3 ವೋಲ್ಟಿಗೆ ಹೋದ ಮೇಲಷ್ಟೇ ಕಡಿಯುತ್ತವೆ. ಅದು ಕೊನೆಯ ಬಾಗಿಲು. ಪ್ರತಿ ಸಲ ಅಲ್ಲಿಯವರೆಗೆ ಹೋಗಿ ಡಿಕ್ಕಿ ಹೊಡೆಯುವುದು ಚಾರ್ಜಿಂಗ್ ವಿಧಾನವಲ್ಲ. ಮೂರು ಸೆಲ್ ಪ್ಯಾಕಿಗೆ 12.6 ವೋಲ್ಟಿನ, ಕರೆಂಟ್ ಮಿತಿಯೂ ಇರುವ ಲಿಥಿಯಂ ಚಾರ್ಜರ್ ಬೇಕು, ಅದರ ಮುಂದೆ ಬಿಎಂಎಸ್ ಬೇಕು. ಸೆಲ್‌ಗಳ ವೋಲ್ಟೇಜನ್ನು ಸಮ ಮಾಡುವ ಬ್ಯಾಲೆನ್ಸಿಂಗ್ ಇದೆಯೇ ಎಂದು ಕೇಳಿ ಕೊಳ್ಳಿ. ಎಲ್ಲ ಅಗ್ಗದ ಬೋರ್ಡುಗಳಲ್ಲೂ ಇರುವುದಿಲ್ಲ. ಇದ್ದರೂ ಮೊದಲ ಕೆಲವು ಸಲ ಚಾರ್ಜ್ ಮುಗಿದ ಮೇಲೆ ಮೂರು ಸೆಲ್ಲುಗಳನ್ನೂ ಒಂದೊಂದಾಗಿ ಅಳೆದು ಬರೆದಿಡಿ. ಒಂದು ಸೆಲ್ ಪ್ರತಿ ಸಲ ಉಳಿದವನ್ನು ಬಿಟ್ಟು ದೂರ ಸರಿಯುತ್ತಿದ್ದರೆ ಅದನ್ನು ನಂಬಬೇಡಿ.

ಪ್ಯಾರಲಲ್ ಜೋಡಣೆ ಸುಲಭ ಎಂಬ ಭಾವನೆ ಇದೆ. ಒಂದು ಸೆಲ್ 4.1, ಇನ್ನೊಂದು 3.3 ಇರುವಾಗ ಪ್ಲಸ್ಸಿಗೆ ಪ್ಲಸ್ ಸೇರಿಸಿದರೆ ತುಂಬಿದ್ದು ಖಾಲಿಯದಕ್ಕೆ ಒಮ್ಮೆಲೇ ಸುರಿಯುತ್ತದೆ. ಆ ಕರೆಂಟಿಗೆ ಮಿತಿ ಹಾಕುವವರು ಯಾರೂ ಇಲ್ಲ. ಎರಡನ್ನೂ ಬೇರೆಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ವೋಲ್ಟೇಜ್ ಸಮ ಇದೆಯೆಂದು ಖಚಿತಪಡಿಸಿಕೊಂಡೇ ಸೇರಿಸಿ.

ಸೆಲ್ ಆರಿಸುವಾಗಲೇ ಅರ್ಧ ಯುದ್ಧ ಗೆಲ್ಲಬಹುದು. ಒಳ್ಳೆಯ 18650ರಲ್ಲಿ ಸಿಗುವುದು ಸುಮಾರು 3500 ಮಿಲಿಆಂಪಿಯರ್‌ಅವರ್ ತನಕ. ಮೇಲೆ 9900 ಎಂದು ಅಚ್ಚಾಗಿದ್ದರೆ ಆ ಸೆಲ್ ಬಾಯಿ ಬಿಡುವ ಮೊದಲೇ ಸುಳ್ಳು ಹೇಳಿದೆ. ತಕ್ಕಡಿಯಲ್ಲಿಟ್ಟು ನೋಡಿ: ನಿಜವಾದ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, ಪೊಳ್ಳು ಸೆಲ್ ತೀರ ಹಗುರ. ಹಳೆಯ ಪ್ಯಾಕಿನಿಂದ ತೆಗೆದ ಸೆಲ್ 2 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದಕ್ಕೆ ಮರುಜೀವ ಕೊಡುವ ಸಾಹಸ ಬೇಡ. ಅಷ್ಟು ಬರಿದಾದಾಗ ಒಳಗಿನ ತಾಮ್ರ ಕರಗಿರಬಹುದು, ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಒಳಗೊಳಗೇ ಶಾರ್ಟ್ ಮಾಡಬಲ್ಲದು. ತುಂಬಿಸಿ ಒಂದು ವಾರ ಸುಮ್ಮನೆ ಬಿಟ್ಟಾಗ ವೋಲ್ಟೇಜ್ ಇಳಿಯುತ್ತಲೇ ಹೋಗುವ ಸೆಲ್ಲೂ ಬೇಡ. ಸೆಲ್ಲಿನ ತಲೆಗೆ ನೇರವಾಗಿ ಸೋಲ್ಡರ್ ಹಾಕಬೇಡಿ, ಆ ಬಿಸಿ ಒಳಗಿನ ಪರದೆಗೆ ತಟ್ಟುತ್ತದೆ. ಹೋಲ್ಡರ್ ಬಳಸಿ, ಇಲ್ಲವೇ ಅಂಗಡಿಯಲ್ಲಿ ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಿ. ಪ್ಯಾಕಿನ ಪ್ಲಸ್ಸಿನ ಪಕ್ಕದಲ್ಲೇ ಒಂದು ಫ್ಯೂಸ್ ಇರಲಿ.

ಎಲ್ಲ ಬ್ಯಾಟರಿಯೂ ಒಂದೇ ಜಾತಿಯಲ್ಲ ಎಂಬುದನ್ನೂ ಮರೆಯಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 3.65 ವೋಲ್ಟಿಗೇ ಸಾಕೆನ್ನುತ್ತದೆ, ಅದಕ್ಕೆ 4.2ರ ಚಾರ್ಜರ್ ಹಾಕುವುದು ಹಿಂಸೆ. ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲಿಗೆ ಹೀಗೊಂದು ಗಡಿ ವೋಲ್ಟೇಜ್ ಇಲ್ಲ; ವಿಶೇಷ ಚಾರ್ಜರ್ ಇಲ್ಲದವರು ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ 14ರಿಂದ 16 ಗಂಟೆ ಕೊಟ್ಟು ನಿಲ್ಲಿಸಬೇಕು. 12 ವೋಲ್ಟಿನ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಸದಾ ಜೋಡಿಸಿಯೇ ಇಡುವಂಥದಾದರೆ ಸುಮಾರು 13.8 ವೋಲ್ಟ್. ಮಿತಿ ಮೀರಿದರೆ ಹೈಡ್ರೋಜನ್ ಬಿಡುತ್ತದೆ, ಆದ್ದರಿಂದ ಬೀರುವಿನಲ್ಲಿಟ್ಟು ಬಾಗಿಲು ಹಾಕಬಾರದು.

ಇಷ್ಟೆಲ್ಲ ಓದಿ ತಲೆಬಿಸಿಯಾದವರಿಗೆ, ಮುಖ್ಯವಾಗಿ ಮೊದಲ ಪ್ರಾಜೆಕ್ಟ್ ಮಾಡುತ್ತಿರುವವರಿಗೆ, ನನ್ನ ಸಲಹೆ ಸರಳ. ನಿಮ್ಮ ಸರ್ಕ್ಯೂಟಿಗೆ 5 ವೋಲ್ಟ್ ಸಾಕಾಗುವುದಾದರೆ ಬಿಐಎಸ್ ಗುರುತಿರುವ ಪವರ್ ಬ್ಯಾಂಕ್ ತನ್ನಿ. ಕಾವಲು ಅದರೊಳಗೇ ಇರುತ್ತದೆ. ತೀರ ಕಡಿಮೆ ಕರೆಂಟ್ ಎಳೆಯುವ ಸರ್ಕ್ಯೂಟಾದರೆ ಕೆಲವು ಪವರ್ ಬ್ಯಾಂಕ್ ತಾವಾಗಿಯೇ ಆಫ್ ಆಗುತ್ತವೆ, ಅದೊಂದನ್ನು ಮೊದಲೇ ಪರೀಕ್ಷಿಸಿ. ಪವರ್ ಬ್ಯಾಂಕ್ ಬಳಸಿದ್ದಕ್ಕೆ ಅಂಕ ಕಡಿಮೆಯಾಗಬಾರದು. ಗೈಡ್‌ಗಳಲ್ಲಿ ಇದು ನನ್ನ ವಿನಂತಿ.

ಎಲ್ಲಿಟ್ಟು ಚಾರ್ಜ್ ಮಾಡುತ್ತೀರಿ ಎಂಬುದೂ ಸರ್ಕ್ಯೂಟಿನಷ್ಟೇ ಮುಖ್ಯ. ಹಾಸಿಗೆ, ಪುಸ್ತಕ, ರಟ್ಟಿನ ಡಬ್ಬಿ ಬೇಡ. ಕಡಪ ಕಲ್ಲು, ಟೈಲ್ಸ್ ನೆಲ, ಅಥವಾ ಮಣ್ಣಿನ ಹೂಕುಂಡದ ಒಳಗೆ ಇಡಿ. ಬಾಗಿಲ ಬಳಿ ಇಡಬೇಡಿ, ಹೊತ್ತಿಕೊಂಡರೆ ಓಡುವ ದಾರಿಯೇ ಮುಚ್ಚುತ್ತದೆ. ನಿದ್ದೆ ಮಾಡುವಾಗ, ಊಟಕ್ಕೆ ಹೋದಾಗ, ಯಾರೂ ಇಲ್ಲದ ಕೋಣೆಯಲ್ಲಿ ಕೈಯಾರೆ ಕಟ್ಟಿದ ಪ್ಯಾಕ್ ಚಾರ್ಜ್ ಆಗುತ್ತಿರಬಾರದು. ಸಾಮಾನ್ಯವಾಗಿ ಸೆಲ್ಲಿನ ತಾಪ 0ಯಿಂದ 45 ಡಿಗ್ರಿಯೊಳಗೆ ಇರುವಾಗಷ್ಟೇ ಚಾರ್ಜ್ ಮಾಡಬೇಕು. ಬಳ್ಳಾರಿ, ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಬಯಲಲ್ಲೇ 40 ದಾಟುತ್ತದೆ. ಹೊಲದಲ್ಲಿ ಮಣ್ಣಿನ ತೇವ ಅಳೆಯುವ ಸೋಲಾರ್ ಪ್ರಾಜೆಕ್ಟ್ ಮಾಡುವವರು ಇದನ್ನು ನೆನಪಿಡಿ: ಬಿಸಿಲಿನಲ್ಲಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯ ಒಳಗೆ ತಾಪ ಇನ್ನೂ ಹೆಚ್ಚು, ಚಾರ್ಜಿಂಗ್ ನಡೆಯುವುದೂ ಅದೇ ಸುಡುಬಿಸಿಲಿನಲ್ಲಿ. ಪ್ಯಾನೆಲ್ ಬಿಸಿಲಿಗಿರಲಿ, ಡಬ್ಬಿ ನೆರಳಿಗಿರಲಿ.

ಮೈ ಉಬ್ಬಿದ ಸೆಲ್, ಸಿಹಿ ಸಿಹಿಯಾದ ವಿಚಿತ್ರ ವಾಸನೆ, ಕೈ ಇಡಲಾಗದ ಬಿಸಿ ಕಂಡರೆ ಗೋಡೆಯ ಸ್ವಿಚ್ ಆಫ್ ಮಾಡಿ ದೂರ ಸರಿಯಿರಿ. ಹೊಗೆ ಬಂದಮೇಲೆ ಅದನ್ನು ಮುಟ್ಟಬೇಡಿ, ಆ ಹೊಗೆ ವಿಷ. ಎಲ್ಲರನ್ನೂ ಹೊರಗೆ ಕರೆತಂದು ಬಾಗಿಲೆಳೆದುಕೊಂಡು 112ಕ್ಕೆ ಫೋನ್ ಮಾಡಿ. ವಿದ್ಯುತ್ ಕಡಿದಿದ್ದು, ಪ್ಯಾಕ್ ಚಿಕ್ಕದಾಗಿದ್ದು, ದೂರದಿಂದ ಸುರಿಯಲು ಸಾಧ್ಯವಿದ್ದರೆ ಧಾರಾಳ ನೀರು ಹಾಕಬಹುದು. ಪಕ್ಕದ ಸೆಲ್‌ಗಳನ್ನು ತಣ್ಣಗಾಗಿಸುವುದು ನೀರೇ. ಆರಿದಂತೆ ಕಂಡದ್ದು ಮತ್ತೆ ಹೊತ್ತಿಕೊಳ್ಳಬಹುದು, ಹಾಗಾಗಿ ಒಳಗೆ ತರಬೇಡಿ. ಕೆಟ್ಟ ಸೆಲ್‌ಗಳ ತುದಿಗೆ ಟೇಪ್ ಅಂಟಿಸಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಮನೆಕಸದ ಜೊತೆ ಹಾಕಿದರೆ ಆ ಬೆಂಕಿ ಪೌರಕಾರ್ಮಿಕರ ಕೈಗೆ ಹೋಗುತ್ತದೆ.

ಕೊನೆಗೆ ಒಂದು ಮಾತು ಹೇಳದೆ ಪತ್ರ ಮುಗಿಸಲಾರೆ. ಆ ಮೂವರ ಪ್ರಾಜೆಕ್ಟಿನ ಸರ್ಕ್ಯೂಟ್ ಚಿತ್ರಕ್ಕೆ ಸಹಿ ಹಾಕಿದವನು ನಾನು. ಘಟನೆಯಾದ ಮೇಲೆ ಆ ಹಾಳೆಯನ್ನು ತೆಗೆದು ನೋಡಿದೆ. ಮೋಟಾರ್, ಸೆನ್ಸರ್, ಪ್ರತಿಯೊಂದು ಪಿನ್ನಿನ ಸಂಖ್ಯೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದರು. ಮೂಲೆಯಲ್ಲಿ ಬ್ಯಾಟರಿಯ ಗುರುತು: ಒಂದು ಉದ್ದ ಗೆರೆ, ಒಂದು ಗಿಡ್ಡ ಗೆರೆ, ಪಕ್ಕದಲ್ಲಿ 12 ವೋಲ್ಟ್. ಇದನ್ನು ಹೇಗೆ ಚಾರ್ಜ್ ಮಾಡುತ್ತೀರಪ್ಪಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು, ನಾನು ತಡೆಯುತ್ತಿದ್ದೆ. ಅವರದು ತಿಳಿಯದೆ ಆದ ತಪ್ಪು. ನನಗೆ ತಿಳಿದಿತ್ತು.

ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಬ್ಯಾಟರಿ ಇರುವ ಪ್ರತಿ ಪ್ರಾಜೆಕ್ಟಿಗೂ ಒಂದು ಪುಟ ಹೆಚ್ಚಿಗೆ ಬರೆಸುತ್ತೇನೆ. ಸೆಲ್ ಯಾವ ಜಾತಿಯದು, ಎಷ್ಟು ವೋಲ್ಟಿಗೆ ನಿಲ್ಲಬೇಕು, ಎಷ್ಟು ಕರೆಂಟ್, ನಿಲ್ಲಿಸುವುದು ಯಾವ ಚಿಪ್, ಅದು ಕೈಕೊಟ್ಟರೆ ಮುಂದಿನ ಕಾವಲು ಯಾವುದು, ಎಲ್ಲಿಟ್ಟು ಚಾರ್ಜ್ ಮಾಡುತ್ತೀರಿ, ಆಗ ಪಕ್ಕದಲ್ಲಿ ಯಾರಿರುತ್ತೀರಿ. ಏಳು ಪ್ರಶ್ನೆ, ಏಳು ಸಾಲು. ಅಷ್ಟು ಬರೆಯದೆ ಸಹಿ ಇಲ್ಲ. ನಿಮ್ಮ ಕಾಲೇಜಿನಲ್ಲಿ ಯಾರೂ ಕೇಳದಿದ್ದರೂ ಆ ಪುಟವನ್ನು ನಿಮಗಾಗಿ ನೀವೇ ಬರೆಯಿರಿ. ಉತ್ತರ ಸಿಗದೆ ಖಾಲಿ ಉಳಿಯುವ ಸಾಲು ಯಾವುದೋ, ಆ ಸಾಲು ತುಂಬುವ ತನಕ ಪ್ಲಗ್ ಹಾಕಬೇಡಿ.

ಅಂಗೈ ಸುಟ್ಟುಕೊಂಡ ಹುಡುಗ ಮುಂದಿನ ಸೆಮಿಸ್ಟರಿನಲ್ಲಿ ಪರೀಕ್ಷೆ ಬರೆದ, ಅದೇ ಗಾಡಿಯನ್ನು ಮತ್ತೆ ಕಟ್ಟಿದ. ಮೊದಲ ಸಲ ಚಾರ್ಜಿಗೆ ಹಾಕಿದ ದಿನ ಲ್ಯಾಬಿನ ಕಲ್ಲಿನ ಮೇಜಿನ ಮೇಲೆ ಪ್ಯಾಕ್ ಇಟ್ಟು, ಎದುರಿಗೊಂದು ಸ್ಟೂಲ್ ಎಳೆದುಕೊಂಡು ಕುಳಿತ. ಹತ್ತು ನಿಮಿಷಕ್ಕೊಮ್ಮೆ ಮೂರು ಸೆಲ್ಲುಗಳನ್ನೂ ಒಂದೊಂದಾಗಿ ಅಳೆದು ಬರೆದುಕೊಂಡ. ಮುಗಿದಾಗ ಹಾಳೆ ತಂದು ತೋರಿಸಿದ: 4.19, 4.20, 4.19. ಆ ಹಾಳೆಗೆ ನಾನು ಸಹಿ ಹಾಕಿದೆ.

ನಿಮ್ಮ ಹಾಳೆಗಳಿಗಾಗಿ ಕಾಯುತ್ತಿರುವ,
ನಿಮ್ಮ ಲ್ಯಾಬ್ ಇನ್‌ಸ್ಟ್ರಕ್ಟರ್